ನಾಲ್ಕು ತುತ್ತಿನ ಅಳತೆ

ನಮ್ಮೂರಿನಲ್ಲಿ ಯಾರೂ ಸುಮ್ಮಸುಮ್ಮನೆ ದೇವರಿಗೆ ಕೈ ಮುಗಿಯುವುದಿಲ್ಲ. ಭಕ್ತಿ ಇಲ್ಲವೆಂದಲ್ಲ. ಕೈ ಮುಗಿದು ಒಪ್ಪಿಸಿದ ಕೆಲಸ ಆಮೇಲೆ ನಮ್ಮ ಕೈಗೆ ಬರುವುದಿಲ್ಲ, ಅದಕ್ಕೆ. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನ ವಾಸಪ್ಪನನ್ನೇ ನೋಡಿ. ಒಂದು ವರ್ಷ ಅವನ ದೋಸೆ ಕಾವಲಿಯಿಂದ ಏಳಲೇ ಇಲ್ಲ. ಅಕ್ಕಿ ಬದಲಾಯಿಸಿದ, ಉದ್ದು ಬದಲಾಯಿಸಿದ, ಕಾವಲಿಗೆ ಈರುಳ್ಳಿ ಉಜ್ಜಿದ, ಹೆಂಡತಿಯ ಜೊತೆ ಜಗಳವನ್ನೂ ಆಡಿ ನೋಡಿದ. ಏನೂ ಆಗದಿದ್ದಾಗ ಊರಾಚೆಯ ಕಡೇಬಾಗಿಲಮ್ಮನ ಗುಡಿಗೆ ಹೋಗಿ, ತಾಯಿ, ದೋಸೆ ಏಳಿಸು, ನನ್ನ ಕೈಲಿ ಆಗಲಿಲ್ಲ ಎಂದ. ಮೂರನೇ ದಿನ ಎಲ್ಲಿಂದಲೋ ಒಬ್ಬ ಅಡುಗೆಯವನು ಬಂದು ಕೆಲಸ ಕೇಳಿದ. ದೋಸೆ ಕಾಗದದ ಹಾಗೆ ಎದ್ದು ಬಂತು. ಅವತ್ತಿನಿಂದ ವಾಸಪ್ಪ ಕಾವಲಿಯ ಮುಂದೆ ನಿಂತರೆ ಅವನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಹನ್ನೊಂದು ವರ್ಷವಾಯಿತು. ಈಗ ಅವನು ಕಾಫಿ ಬೆರೆಸುತ್ತಾನೆ, ಗಿರಾಕಿಗಳು ತಿನ್ನುವುದನ್ನು ನೋಡುತ್ತಾನೆ.

ಹೀಗಾಗಿ ನಮ್ಮೂರಿನವರು ಬಹಳ ಶ್ರಮಜೀವಿಗಳೆಂದು ಸುತ್ತಲ ಊರುಗಳಲ್ಲಿ ಹೆಸರಿದೆ. ಅದು ಗುಣವಲ್ಲ, ಹೆದರಿಕೆ. ಯಾರಾದರೂ ಒಂದು ಕೆಲಸವನ್ನು ಎಂದೂ ಇಲ್ಲದ ಅಕ್ಕರೆಯಿಂದ ಮಾಡುತ್ತಿದ್ದರೆ ಜನ ನಿಂತು, "ಏನಪ್ಪಾ, ಅಮ್ಮನತ್ರ ಹೋಗೋ ಹಂಗೆ ಕಾಣ್ತದೆ" ಎಂದು ಕೇಳುತ್ತಾರೆ. ಒಪ್ಪಿಸುವ ಮುಂಚೆ ಆ ಕೆಲಸವನ್ನು ಒಂದು ಸಲ ಚೊಕ್ಕವಾಗಿ ಮಾಡಿ ಮುಗಿಸುವುದು ವಾಡಿಕೆ. ಅದಕ್ಕೆ ಕೊನೇ ಕೈ ಎನ್ನುತ್ತೇವೆ. ಕೊನೇ ಕೈ ಮಾಡದೆ ಹೋದವರು ಆಮೇಲೆ ಕೊರಗುವುದನ್ನು ಊರು ನೋಡಿದೆ.

ಕಡೇಬಾಗಿಲಮ್ಮ ಹೇಳಿದಷ್ಟನ್ನು ಮಾಡುತ್ತಾಳೆ. ಆದ್ದರಿಂದ ಎಷ್ಟು ಹೇಳಬೇಕು ಎನ್ನುವುದೇ ದೊಡ್ಡ ಪ್ರಶ್ನೆ. ಚಿಕ್ಕಣ್ಣ ಮೇಷ್ಟ್ರು ಒಂದು ದಿನ ಬೇಜಾರಿನಲ್ಲಿ ಹೋಗಿ, ನಂದೆಲ್ಲಾ ನೀನೇ ನೋಡ್ಕೊ ತಾಯಿ ಎಂದುಬಿಟ್ಟರು. ಮನೆಗೆ ಬಂದು ಅಂಗಿಯ ಗುಂಡಿ ಬಿಚ್ಚಲು ಹೋದರೆ ಆಗಲಿಲ್ಲ. ಆರು ವರ್ಷದಿಂದ ಜಗಲಿಯ ಮೇಲೆ ಕೂತಿದ್ದಾರೆ. ಯಾರಾದರೂ ಬಂದು ಸ್ನಾನ ಮಾಡಿಸುತ್ತಾರೆ, ಯಾರಾದರೂ ಉಣ್ಣಿಸುತ್ತಾರೆ. ಮೈ ಕೈ ತುಂಬಿಕೊಂಡಿದೆ. ಮೂಗಿನ ಮೇಲೆ ನೊಣ ಕೂತರೆ ಮಾತ್ರ ದಾರಿಯಲ್ಲಿ ಹೋಗುವವರನ್ನು ಕರೆಯಬೇಕು.

ಇಂಥ ಅನಾಹುತ ಆಗದಿರಲಿ ಎಂದು ಜನ ಮೊದಲು ನನ್ನ ಬಳಿ ಬರುತ್ತಿದ್ದರು. ನಾನು ಟೈಲರ್. ಹೆಸರು ಕೆಂಪರಾಜು. ಬಟ್ಟೆಯ ಅಳತೆ ತೆಗೆದ ಹಾಗೆಯೇ ಬೇಡಿಕೆಯ ಅಳತೆಯನ್ನೂ ತೆಗೆಯುವುದು ನನಗೆ ಹೇಗೋ ಅಭ್ಯಾಸವಾಗಿತ್ತು. ಒಬ್ಬಳು ಬಂದು ಮಗನಿಗೆ ಓದು ಹತ್ತಲಿ ಎಂದು ಕೇಳುತ್ತೇನೆ ಎಂದರೆ, ಓದು ಎನ್ನಬೇಡ, ಗಣಿತ ಎನ್ನು; ಗಣಿತ ಎಂದರೂ ಹೆಚ್ಚಾಯಿತು, ಭಾಗಾಕಾರ ಎನ್ನು; ಉಳಿದದ್ದನ್ನು ನೀನೇ ಕೂತು ಹೇಳಿಕೊಡಬಹುದು ಎನ್ನುತ್ತಿದ್ದೆ. ಅವಳು ಹಾಗೆಯೇ ಕೇಳಿ, ಮಿಕ್ಕ ಗಣಿತವನ್ನು ಕೈಯಲ್ಲಿ ಉಳಿಸಿಕೊಂಡು ಸಂತೋಷದಿಂದ ಇರುತ್ತಿದ್ದಳು. ನನ್ನಷ್ಟು ಬಿಗಿಯಾಗಿ ಬೇಡಿಕೆ ಕತ್ತರಿಸುವವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇತ್ತು.

ನನ್ನ ಹೆಂಡತಿ ಸರ್ವಮಂಗಳೆಗೆ ಜ್ವರ ಬಂದಾಗ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಇದ್ದೆವು. ಮಾತ್ರೆ, ಇಂಜೆಕ್ಷನ್ನು, ಗ್ಲೂಕೋಸು ಎಲ್ಲ ಆಯಿತು. ಹಗಲೆಲ್ಲ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿರುತ್ತಿದ್ದೆ. ಇಪ್ಪತ್ತನೇ ದಿನ ಗುಡಿಗೆ ಹೋದೆ. ಅವಳಿಗೆ ನೀರು ಕುಡಿಸುವುದು, ತಲೆ ಬಾಚುವುದು, ಮಗ್ಗುಲು ಬದಲಿಸುವುದು, ಇವೆಲ್ಲ ನನ್ನ ಕೈಯಲ್ಲೇ ಇರಲಿ ಎಂಬ ಆಸೆಯಿಂದ ಬಿಗಿಯಾಗಿ ಅಳತೆ ತೆಗೆದು, ತಾಯಿ, ಜ್ವರ ಇಳಿಸು ಎಂದಷ್ಟೇ ಕೇಳಿದೆ. ಮಾರನೇ ಬೆಳಿಗ್ಗೆ ಜ್ವರ ಇಳಿಯಿತು. ಒದ್ದೆ ಬಟ್ಟೆ ಹಾಕಲು ನನ್ನಿಂದ ಆಗಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಎರಡು ದಿನ ಬಿಟ್ಟು ಅವಳು ತೀರಿಕೊಂಡಳು. ಜ್ವರ ಇರಲಿಲ್ಲ.

ನಾನು ಕಡೇಬಾಗಿಲಮ್ಮನನ್ನು ದೂರಲಿಲ್ಲ. ಅಳತೆ ಕೊಟ್ಟವನು ನಾನು.

ಸರ್ವಮಂಗಳೆಯ ತಾಯಿ ದೊಡ್ಡತಾಯಮ್ಮ, ಬಸ್ಸಿನಲ್ಲಿ ಆರು ಗಂಟೆ ದೂರದ ಊರಿನವರು. ಮಣ್ಣಿಗೆ ಬಂದವರು ತಿಥಿಯವರೆಗೂ ಉಳಿದರು. ತಿಥಿ ಮುಗಿದು ನೆಂಟರೆಲ್ಲ ಹೊರಟಾಗ ಇವರು ಹೊರಡಲಿಲ್ಲ. ಯಾಕೆ ಹೊರಡಲಿಲ್ಲ ಎಂದು ನಾನೂ ಕೇಳಲಿಲ್ಲ. ಅವರಿಗೆ ಇದ್ದವಳು ಒಬ್ಬಳೇ ಮಗಳು, ನನಗೆ ಇದ್ದವಳು ಒಬ್ಬಳೇ ಹೆಂಡತಿ. ಹೀಗೆ ಸಂಬಂಧದ ಕೊಂಡಿಯೇ ಇಲ್ಲದ ಅತ್ತೆ ಅಳಿಯ ಇಬ್ಬರು ಒಂದೇ ಮನೆಯಲ್ಲಿ ಉಳಿದುಕೊಂಡೆವು. ಅವರು ನನ್ನನ್ನು ಅಳಿಯಂದಿರು ಎಂದು ಕರೆಯುತ್ತಿದ್ದರು, ನಾನು ಇದ್ದರೆ ಗೋಡೆಯ ಕಡೆ ತಿರುಗಿ ಮಾತಾಡುತ್ತಿದ್ದರು. ಅವರ ಮೇಲೆ ನನಗೆ ಬಹಳ ಪ್ರೀತಿ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಸಾರಿಗೆ ಒಗ್ಗರಣೆ ಹಾಕಿ ಸೀನುವಾಗ ಅವರ ಸೀನು ಸರ್ವಮಂಗಳೆಯ ಸೀನೇ ಆಗಿತ್ತು. ಆಗ ನನ್ನ ಹೊಲಿಗೆ ನಿಂತುಹೋಗುತ್ತಿತ್ತು.

ನಮ್ಮೂರಿನ ಕಟ್ಟಳೆಯನ್ನು ಅವರು ಒಂದು ದಿನವೂ ನಂಬಲಿಲ್ಲ. "ನಮ್ಮೂರಲ್ಲಿ ಬೆಳಿಗ್ಗೆ ಎದ್ದು ದೇವ್ರಿಗೆ ಕೈ ಮುಗ್ದು ಆಮೇಲೆ ಒಲೆ ಹಚ್ತೀವಿ. ಒಲೆ ಉರೀತದೆ, ಕೈನೂ ಇರ್ತದೆ. ನಿಮ್ಮೂರಿನೋರು ಕೆಲ್ಸ ತಪ್ಪಿಸ್ಕೊಳಕ್ಕೆ ಕತೆ ಕಟ್ಟವ್ರೆ" ಎನ್ನುತ್ತಿದ್ದರು. ಅವರು ತಮ್ಮ ಊರಿನಿಂದ ತಂದಿದ್ದ ದೇವರ ಪಟಕ್ಕೆ ದಿನಾ ಕೈ ಮುಗಿಯುತ್ತಿದ್ದರು. ಅದು ಬೇರೆ ಊರಿನ ಪಟವಾದ್ದರಿಂದ ಏನೂ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರು ಮೂರು ತಟ್ಟೆ ಇಟ್ಟರು. ಮೂರಕ್ಕೂ ಅನ್ನ ಹಾಕಿದರು. ಹಾಕಿದ ಮೇಲೆ ಮೂರನೆಯದನ್ನು ನೋಡಿದರು. ನಾನೂ ನೋಡಿದೆ. ಅವರು ಎದ್ದು ಹೋಗಿ ಚಾಪೆಯ ಮೇಲೆ ಮಲಗಿದರು. ಅವತ್ತಿನಿಂದ ಉಣ್ಣುವುದನ್ನು ಬಿಟ್ಟರು. ಹಟ ಮಾಡಿದ್ದಲ್ಲ, ಉಪವಾಸ ವ್ರತವೂ ಅಲ್ಲ. ತಟ್ಟೆ ಮುಂದಿಟ್ಟರೆ, "ಆಮೇಲೆ" ಎನ್ನುತ್ತಿದ್ದರು. ಆ ಆಮೇಲೆ ಬರುತ್ತಿರಲಿಲ್ಲ. ಬಲವಂತಕ್ಕೆ ಕುಡಿದ ಒಂದೆರಡು ಗುಟುಕು ಗಂಜಿಯಲ್ಲೇ ಜೀವ ಹಿಡಿದುಕೊಂಡಿದ್ದರು. ಡಾಕ್ಟರು ನೋಡಿ ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ ಎನ್ನುವುದು ನನಗೂ ಗೊತ್ತಿತ್ತು.

ನಾನು ಅಡುಗೆಗೆ ಇಳಿದೆ. ಹುರುಳಿಕಾಳಿನ ಬಸ್ಸಾರು ಮಾಡಿದೆ, ನುಗ್ಗೆಸೊಪ್ಪಿನ ಪಲ್ಯ ಮಾಡಿದೆ, ಅಂಬಲಿಗೆ ಮಜ್ಜಿಗೆ ಬೆರೆಸಿ ಕೊಟ್ಟೆ. ಅವರ ಊರಿನಿಂದ ಬರುವ ಬಸ್ಸಿನವನಿಗೆ ಹೇಳಿ ಅವರ ಊರಿನ ಮಾವಿನ ಮಿಡಿ ಉಪ್ಪಿನಕಾಯಿ ತರಿಸಿದೆ. ಮೂಸಿ ನೋಡಿ, "ಚೆನ್ನಾಗದೆ" ಎಂದು ಮುಚ್ಚಳ ಹಾಕಿದರು. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಸುರಿದು ಕೊಟ್ಟೆ. ಸಿಟ್ಟು ಬಂದು ತಾವೇ ಎದ್ದು ಅಡುಗೆ ಮಾಡಲಿ ಎಂದು. ಅವರು ಒಂದು ಗುಟುಕು ಕುಡಿದು, "ಉಪ್ಪು ಸರಿಯಾಗದೆ" ಎಂದರು. ಆಗ ನನಗೆ ನಿಜವಾಗಿ ಭಯವಾಯಿತು.

ಪಕ್ಕದ ಮನೆಯ ಜಯಶೀಲ ಅತ್ತೆಯ ಬ್ಲೌಸನ್ನು ತಿಂಗಳಿಗೊಂದು ಸಲ ತಂದು ನನ್ನ ಯಂತ್ರದ ಮೇಲೆ ಇಡುತ್ತಿದ್ದಳು, ಸಡಿಲವಾಗಿದೆ, ಒಂದು ಹೊಲಿಗೆ ಒಳಗೆ ಹಾಕಣ್ಣ ಎಂದು. ಟೈಲರಿಗೆ ಯಾರೂ ಸುಳ್ಳು ಹೇಳಲಾಗುವುದಿಲ್ಲ. ಮೂವತ್ತಾರು ಇದ್ದದ್ದು ಮೂವತ್ತನಾಲ್ಕಾಯಿತು, ಮೂವತ್ತೆರಡಾಯಿತು. ಐದನೇ ತಿಂಗಳು ಅವಳು ತಂದಾಗ ಒಳಗೆ ಹಾಕಲು ಬಟ್ಟೆಯಲ್ಲಿ ಜಾಗ ಇರಲಿಲ್ಲ. ಹಳೆಯ ಹೊಲಿಗೆಗಳೇ ಒಂದರ ಪಕ್ಕ ಒಂದು ನಾಲ್ಕು ಸಾಲು ನಿಂತಿದ್ದವು.

"ಇನ್ನೇನು ನೋಡ್ತಾ ಇದ್ದೀಯಣ್ಣ" ಎಂದಳು ಜಯಶೀಲ. "ನಿನ್ನ ಕೈಲಾಗೋದೆಲ್ಲ ಮಾಡ್ದೆ. ಹೋಗ್ಬಾ ಒಂದ್ಸಲ."

ಹೋಗುವ ಮುಂಚೆ ಕೊನೇ ಕೈ ಮಾಡಿದೆ. ಅಕ್ಕಿ ಆರಿಸಿ, ಅನ್ನವನ್ನು ಮೆತ್ತಗೆ ಮಾಡಿ, ಅವರೆಕಾಳು ಹಿತುಕಿ ಸಾರು ಮಾಡಿ, ಬಾಳೆ ಎಲೆ ಹಾಸಿ ಬಡಿಸಿದೆ. ಅವರು ಎಲೆಯನ್ನು ನೋಡಿ, "ಏನ್ ಅಳಿಯಂದ್ರೇ, ಇವತ್ತು ಬಾಳ ಉಪಚಾರ" ಎಂದರು. ಆಮೇಲೆ, "ಆಮೇಲೆ" ಎಂದರು.

ಗುಡಿಗೆ ಹೋಗುವ ದಾರಿಯುದ್ದಕ್ಕೂ ಅಳತೆ ಹಾಕಿದೆ. ಊಟ ಪೂರ್ತಿ ಎಂದರೆ ನಾನು ಇನ್ನು ಅವರಿಗೆ ಏನೂ ಬಡಿಸಲಾಗದು. ಮಧ್ಯಾಹ್ನದ ಊಟ ಎಂದರೂ ಹೆಚ್ಚು. ಸ್ವಲ್ಪ ಒಳಗೆ ಹೋದರೆ ಹಸಿವು ತಾನಾಗಿ ಕೆರಳುತ್ತದೆ, ಉಳಿದದ್ದನ್ನು ನಾನು ನೋಡಿಕೊಳ್ಳಬಹುದು. ಹೀಗೆ ಲೆಕ್ಕ ಹಾಕಿ, "ತಾಯಿ, ದಿನಾ ಮಧ್ಯಾಹ್ನ ಅವರಿಗೆ ನಾಲ್ಕು ತುತ್ತು ಹೋಗಲಿ" ಎಂದು ಕೇಳಿದೆ. ಪೂಜಾರಿ ಮುದ್ದಯ್ಯ ಗುಡಿಯ ಹಿಂದೆ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದ. ಅವನಿಗೆ ವಾರಕ್ಕೆ ಇಬ್ಬರು ಭಕ್ತರು ಬಂದರೆ ಹೆಚ್ಚು. ತಾನು ಮಾತ್ರ ಏನನ್ನೂ ಕೇಳದೆ ನಲವತ್ತು ವರ್ಷದಿಂದ ಪೂಜೆ ಮಾಡುತ್ತಿದ್ದಾನೆ. ನನ್ನ ಬೇಡಿಕೆ ಅವನ ಕಿವಿಗೆ ಬಿತ್ತು. "ಅಚ್ಚುಕಟ್ಟಾಗಿ ಕೇಳ್ದೆ ಬಿಡು" ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ.

ಮಾರನೇ ದಿನ ಅವರ ತಟ್ಟೆಗೆ ಅನ್ನ ಹಾಕಲು ಹೋದರೆ ನನ್ನ ಕೈ ಬೆನ್ನ ಹಿಂದೆ ಹೋಗಿ ಕಟ್ಟಿಕೊಂಡಿತು. ಜಯಶೀಲ ಬಂದು ಬಡಿಸಿದಳು. ಅತ್ತೆ ಒಂದು ತುತ್ತು ತಿಂದರು, ಎರಡು ತಿಂದರು, ಮೂರು, ನಾಲ್ಕು. ನನ್ನ ಕಣ್ಣು ತುಂಬಿತು. ಐದನೆಯದರಿಂದ ನನ್ನ ಸರದಿಯಾದ್ದರಿಂದ ಕೈ ಬಿಡುಗಡೆಯಾಯಿತು. ಓಡಿ ಹೋಗಿ ಅನ್ನ ಹಾಕಿದೆ. ಅವರು ತಟ್ಟೆಯನ್ನು ಸರಿಸಿ ಕೈ ತೊಳೆದರು. ಅಂದಿನಿಂದ ದಿನಾ ಹೀಗೆಯೇ ನಡೆಯಿತು. ನಾಲ್ಕಕ್ಕೆ ಒಂದು ಅಗುಳು ಹೆಚ್ಚಿಲ್ಲ, ಕಡಿಮೆಯಿಲ್ಲ. ತುತ್ತು ದೊಡ್ಡದು ಮಾಡಿ ಕಲಸಿಕೊಡು ಎಂದು ಜಯಶೀಲಳಿಗೆ ಹೇಳಿಕೊಟ್ಟೆ. ಅತ್ತೆಯ ಬಾಯಿಯೇ ಚಿಕ್ಕದಾಗಿತ್ತು.

ನಾಲ್ಕು ತುತ್ತಿಗೆ ಪ್ರಾಣ ಹೋಗುವುದಿಲ್ಲ, ಬರುವುದೂ ಇಲ್ಲ. ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಅವರು ಹೊಸ್ತಿಲ ಬಳಿ ಕುಸಿದು ಕೂತರು. ನಾನು ತೋಳು ಹಿಡಿದು ಎತ್ತಿದೆ. ಒಂದು ಥಾನು ಬಟ್ಟೆಯಷ್ಟೂ ಭಾರ ಇರಲಿಲ್ಲ. ಅಳಿಯ ಮುಟ್ಟಿದನೆಂದು ಸಂಕೋಚಪಡುವಷ್ಟು ಶಕ್ತಿಯೂ ಅವರಿಗಿರಲಿಲ್ಲ. ಚಾಪೆಯ ಮೇಲೆ ಮಲಗಿಸಿದ ಮೇಲೆ ಗೋಡೆಯ ಕಡೆ ತಿರುಗದೆ ನೇರವಾಗಿ ನನ್ನನ್ನೇ ನೋಡಿ, "ಅಳಿಯಂದ್ರೇ, ನೀವು ನನ್ನ ಇಟ್ಕೊಂಡು ಯಾಕೆ ಒದ್ದಾಡ್ತೀರಿ. ಬಿಟ್ಬಿಡಿ" ಎಂದರು.

ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ಒಂದು ಸಲ ಜ್ವರವನ್ನಷ್ಟೇ ಕೇಳಿ ಹೆಂಡತಿಯನ್ನು ಕಳೆದುಕೊಂಡವನು, ಇನ್ನೊಂದು ಸಲ ತುತ್ತು ಎಣಿಸಿ ಕೇಳಿಕೊಂಡು ಬಂದಿದ್ದೆ. ಇವರು ಬದುಕಲಿ ಎಂದು ನಾನು ಇನ್ನೂ ಕೇಳಿಯೇ ಇರಲಿಲ್ಲ. ನನ್ನ ಪಾಲು ನನಗೆ ಉಳಿಯಲಿ ಎಂದು ಕೇಳಿದ್ದೆ. ಕತ್ತರಿ ಹಿಡಿದ ಕೈಗೆ ಕತ್ತರಿಸುವುದು ಬಿಟ್ಟು ಬೇರೆ ಏನೂ ಬರುವುದಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಚಪ್ಪಲಿ ಮೆಟ್ಟಿಕೊಂಡು ಗುಡಿಗೆ ಹೋದೆ. ಮುದ್ದಯ್ಯ ಕಟ್ಟೆಯ ಮೇಲೆ ಕೂತಿದ್ದ.

"ಈ ಸಲ ಎಷ್ಟು?" ಎಂದ.

"ಪೂರ್ತಿ ಒಪ್ಪಿಸ್ತೀನಿ. ಅಳತೆ ಇಲ್ದೆ."

ಅವನು ಬದಿಗೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟ. "ಕೂತ್ಕೊ ಕೆಂಪರಾಜ, ಕೇಳು. ಅಳತೆ ಕೊಟ್ರೆ ಅಳತೆ ಪ್ರಕಾರ ಮಾಡ್ತಾಳೆ. ಕೊಡದೆ ಹೋದ್ರೆ ಅವಳಿಷ್ಟ. ಪುಟ್ಟೀರಿ ತನ್ನ ಹಸ ನೋಡ್ಕೊ ಅಂತ ಬಿಟ್ಟೋದ್ಲು. ಮಾರ್ನೇ ದಿನ ಹಸ ಹಗ್ಗ ಕಿತ್ಕೊಂಡು ಹೋಯ್ತು. ಈಗ ಗುಡ್ಡದಾಚೆ ಯಾರ್ದೋ ಕೊಟ್ಟಿಗೇಲಿ ಚೆನ್ನಾಗದೆ. ಪುಟ್ಟೀರಿಗಿಲ್ಲ. ನೋಡ್ಕೊಳ್ಳೋದು ಅಂದ್ರೆ ಉಳ್ಸೋದೂ ಆಗ್ಬೋದು, ಕರ್ಕೊಳ್ಳೋದೂ ಆಗ್ಬೋದು."

"ಗೊತ್ತು."

"ಆ ನಾಲ್ಕು ತುತ್ತೂ ನಿಂತೋಗ್ಬೋದು. ಅವ್ರು ಬಿದ್ರೆ ನೀನು ಹಿಡಿಯಂಗಿಲ್ಲ. ನೀರು ಕೇಳಿದ್ರೆ ಕೊಡಂಗಿಲ್ಲ. ಹೋಗ್ಬಿಟ್ರೆ ಒಂದ್ ಹಿಡಿ ಮಣ್ಣು ಹಾಕಕ್ಕೂ ನಿನ್ನ ಕೈ ಬರಲ್ಲ."

ನಾನು ಚಪ್ಪಲಿ ಬಿಟ್ಟೆ. ಆಮೇಲೆ ಒಳಗೆ ಹೋಗಿ ಕೈ ಮುಗಿದೆ. ಮಾತು ಕಟ್ಟುವ ಕಸುಬಿನವನಾದರೂ ಆಗ ಬಂದದ್ದು ಇಷ್ಟೇ. "ತಾಯಿ, ದೊಡ್ಡತಾಯಮ್ಮನವರನ್ನು ನೀನು ನೋಡಿಕೋ. ನನ್ನ ಕೈಲಿ ಆಗಲಿಲ್ಲ." ಹೇಳಿ ಮುಗಿಸಿದಾಗ ಕೈ ಎರಡೂ ಹಗುರಾದವು. ಅದು ನೆಮ್ಮದಿಯಲ್ಲ. ಕೆಲಸ ಹೋದ ಹಗುರ.

ಮೊದಲ ದಿನ ನಾಲ್ಕು ತುತ್ತೂ ನಿಂತುಹೋಯಿತು. ಜಯಶೀಲ ತಟ್ಟೆ ಹಿಡಿದುಕೊಂಡು ಹೊರಗೆ ಬಂದು, "ಇದ್ದದ್ದೂ ಕಳ್ದಲ್ಲಣ್ಣ" ಎಂದಳು. ಎರಡನೇ ದಿನವೂ ಹಾಗೆಯೇ ಹೋಯಿತು. ನಾನು ಅಂಗಡಿಯಲ್ಲಿ ಕೂತು ಯಾರದ್ದೋ ಅಂಗಿಗೆ ಎರಡೂ ತೋಳನ್ನು ಒಂದೇ ಕಡೆಗೆ ಹೊಲಿದೆ.

ಮೂರನೇ ದಿನ ಜಯಶೀಲ ರೇಷನ್ ಅಂಗಡಿಯ ಸಾಲಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಬಿಸಿಲು ಜೋರಾಗಿತ್ತು. ಅತ್ತೆ ಕಣ್ಣು ಬಿಟ್ಟು, "ನೀರು" ಎಂದರು. ಆರು ತಿಂಗಳಲ್ಲಿ ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಹೂಜಿ ಐದು ಹೆಜ್ಜೆ ದೂರದಲ್ಲಿತ್ತು. ನಾನು ಹೂಜಿಯವರೆಗೆ ಹೋದೆ. ಕೈ ಬೆನ್ನ ಹಿಂದೆ ಹೋಗಿ ಕಟ್ಟಿಕೊಂಡಿತು. ಬೀದಿಯಲ್ಲಿ ಯಾರನ್ನಾದರೂ ಕೂಗೋಣ ಎಂದರೆ ಬಾಯಿ ತೆರೆಯಿತು, ದನಿ ಬರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಹೂಜಿಯನ್ನು ತಪಾಸಣೆ ಮಾಡಲು ಬಂದ ಅಧಿಕಾರಿಯ ಹಾಗೆ ನಿಂತುಬಿಟ್ಟೆ.

"ನೀರು ಅಂದೆ" ಎಂದರು ಅತ್ತೆ.

ನಾನು ನಿಂತೇ ಇದ್ದೆ.

"ಕಿವಿ ಕೇಳಲ್ವಾ ನಿಮ್ಗೆ?"

"ಕೇಳ್ತದೆ ಅತ್ತೆ. ಆಗ್ತಿಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ಮೊಣಕೈ ಊರಿದರು. ಗೋಡೆ ಹಿಡಿದರು. ಈಗ ಬಿದ್ದರೆ ನಾನು ಹಿಡಿಯುವಂತಿರಲಿಲ್ಲ. ಅವರು ಗೋಡೆ ಹಿಡಿದುಕೊಂಡೇ ಐದು ಹೆಜ್ಜೆಯನ್ನು ಇಪ್ಪತ್ತು ಮಾಡಿ ಬಂದರು. ನನ್ನನ್ನು ಪಕ್ಕಕ್ಕೆ ತಳ್ಳಿದರು. ಲೋಟ ತೊಳೆದು, ನೀರು ಬಗ್ಗಿಸಿಕೊಂಡು, ಒಂದಾದ ಮೇಲೆ ಒಂದು ಮೂರು ಲೋಟ ಕುಡಿದರು. ಕುಡಿದು ಒಲೆಯ ಕಡೆ ನೋಡಿದರು. ಒಲೆಯ ಮೇಲೆ ನಾನು ಬೆಳಿಗ್ಗೆ ನನಗಾಗಿ ಮಾಡಿಕೊಂಡಿದ್ದ ಉಪ್ಪಿಟ್ಟಿನ ಬಾಣಲೆ ಹಾಗೇ ಇತ್ತು.

"ತಮ್ಮ ಹೊಟ್ಟೆಗೆ ಮಾತ್ರ ಮಾಡ್ಕೊಂಡವ್ರೆ" ಎಂದರು. ಕೂತು ಬಾಣಲೆಯನ್ನು ಹತ್ತಿರ ಎಳೆದುಕೊಂಡು ತಿಂದರು. ಬಾಣಲೆ ಖಾಲಿಯಾದ ಮೇಲೆ ತಲೆಯೆತ್ತಿ, "ಈ ಮನೇಲಿ ಕಾಯ್ತಾ ಕೂತ್ರೆ ಉಪವಾಸ ಸಾಯ್ಬೇಕು" ಎಂದರು.

ನಾನು ಹೊರಗೆ ಹೋಗಿ ಯಂತ್ರದ ಮುಂದೆ ಕೂತೆ. ಕಾಲು ಸುಮ್ಮನೆ ತುಳಿಯುತ್ತಿತ್ತು. ಸೂಜಿಯಲ್ಲಿ ದಾರ ಇರಲಿಲ್ಲ. ಅಳು ಬಂದದ್ದು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಅಂದಿನಿಂದ ಅವರು ತಾವೇ ಅಡುಗೆ ಮಾಡತೊಡಗಿದರು, ತಾವೇ ಬಡಿಸಿಕೊಂಡು ಹೊಟ್ಟೆ ತುಂಬ ಉಣ್ಣತೊಡಗಿದರು. ನನಗೂ ಬಡಿಸುತ್ತಿದ್ದರು. ಬಡಿಸುತ್ತಾ ಬಡಿಸುತ್ತಾ ಬೈಯುತ್ತಿದ್ದರು. ಮೂರು ತಿಂಗಳಲ್ಲಿ ಕೆನ್ನೆ ತುಂಬಿತು, ದನಿ ಮೂರು ಮನೆಯಾಚೆಗೂ ಕೇಳುವಷ್ಟಾಯಿತು. ಸಂಜೆ ಜಗಲಿಯ ಮೇಲೆ ಕೂತು, ಸೊಪ್ಪು ಮಾರುವವಳಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರಿಗೂ, "ಸಾಯೋ ಹೊತ್ನಲ್ಲಿ ನೀರು ಕೇಳಿದ್ರೆ ಕೈ ಕಟ್ಕೊಂಡು ನಿಂತಿದ್ರಮ್ಮ ನಮ್ಮ ಅಳಿಯಂದ್ರು" ಎಂದು ಹೇಳುತ್ತಿದ್ದರು. ಊರಿನವರಿಗೆ ವಿಷಯ ಗೊತ್ತಿದ್ದರಿಂದ ನನ್ನ ಕಡೆ ಒಮ್ಮೆ ನೋಡಿ ಮುಂದೆ ಹೋಗುತ್ತಿದ್ದರು. ಬ್ಲೌಸಿನ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬೇಕಾದಾಗ ನನ್ನ ಕತ್ತರಿ ಅದರ ಹತ್ತಿರ ಹೋಗಲಿಲ್ಲ. ಪೇಟೆಯ ಇನ್ನೊಬ್ಬ ಟೈಲರಿಗೆ ಜಯಶೀಲ ಕೊಟ್ಟು ಬಂದಳು. "ಅಳಿಯ ಟೈಲರು, ಅತ್ತೆ ಬ್ಲೌಸು ಮಾತ್ರ ಪೇಟೆಗೆ" ಎಂದು ಆ ವಾರವಿಡೀ ಕೇಳಿಸಿಕೊಂಡೆ. ಕೇಳುತ್ತಾ ಹೊಲಿಯುವುದು ಹಿತವಾಗಿಯೇ ಇತ್ತು.

ನಡೆದದ್ದನ್ನು ಒಂದು ಸಲ ಬಿಡಿಸಿ ಹೇಳಿದೆ. "ನೆಪ" ಎಂದರು. ಜಯಶೀಲ ಹೇಳಿದಳು. "ನೀನೂ ಈ ಊರೋಳೇ ತಾನೆ" ಎಂದರು.

ಆದರೆ ಅವರು ಸುಮ್ಮನೆ ಬೈದುಕೊಂಡಿರುವ ಹೆಂಗಸಲ್ಲ. ನನ್ನನ್ನು ತಿದ್ದುವುದಕ್ಕೆ ಟೊಂಕ ಕಟ್ಟಿದರು. ದಿನಾ ಬೆಳಿಗ್ಗೆ ನನ್ನನ್ನು ಎದುರು ಕೂರಿಸಿ, "ಈ ಲೋಟ ಹಿಡ್ಕೊಳ್ಳಿ. ಈಗ ನಂಗೆ ಕೊಡಿ" ಎನ್ನುತ್ತಿದ್ದರು. ಲೋಟ ಬೀಳುತ್ತಿತ್ತು. ಇನ್ನೊಂದು ಸಲ ಎನ್ನುತ್ತಿದ್ದರು. ಮತ್ತೆ ಬೀಳುತ್ತಿತ್ತು. ಸ್ಟೀಲಿನ ಲೋಟಗಳೆಲ್ಲ ಸೊಟ್ಟಗಾದವು. "ಊರೋರಿಗೆಲ್ಲ ಅಂಗಿ ಹೊಲೀತೀರಿ, ನಂಗೊಂದು ಲೋಟ ನೀರು ಕೊಡಕ್ಕೆ ಆಗಲ್ವಾ" ಎಂದು ಮೊದಮೊದಲು ರೇಗುತ್ತಿದ್ದರು. ಬರಬರುತ್ತಾ ಆ ಮಾತಿನಲ್ಲಿ ರೇಗಾಟ ಕಡಿಮೆಯಾಗಿ ಗಾಬರಿ ಸೇರಿಕೊಂಡಿತು. ಮಗಳು ಹೋದ ದುಃಖ ಅಳಿಯನ ಕೈಗೆ ಇಳಿದಿದೆ ಎಂದು ಅವರು ತೀರ್ಮಾನಿಸಿದರು. ಮೆಣಸು ಜೀರಿಗೆ ಕಷಾಯ ಕುಡಿಸಿದರು. ತಮ್ಮ ಊರಿನಿಂದ ಮಂತ್ರಿಸಿದ ದಾರ ತರಿಸಿ ಕಟ್ಟಿಸಿದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಇದೇ ಊರಿನವರಾದ್ದರಿಂದ, ಕೈಯಲ್ಲಿ ಏನೂ ತೊಂದರೆ ಇಲ್ಲಮ್ಮ ಎಂದರು.

ಒಂದು ಮಂಗಳವಾರ ಅವರು ಬೇಗ ಎದ್ದು ಮನೆಯನ್ನೆಲ್ಲ ಸಾರಿಸಿದರು. ನನ್ನ ಅಂಗಿಗಳನ್ನು ಒಗೆದು ಹರವಿದರು. ಮಧ್ಯಾಹ್ನಕ್ಕೆ ನನಗಿಷ್ಟವಾದ ಹಿತುಕಿದ ಬೇಳೆ ಸಾರು ಮಾಡಿ, ಎಲೆ ಹಾಕಿ, ತುಪ್ಪ ಹಾಕಿ, ಬೇಡಬೇಡವೆಂದರೂ ಮೂರು ಸಲ ಅನ್ನ ಹಾಕಿದರು. ಒಂದೇ ಒಂದು ಬೈಗುಳ ಇರಲಿಲ್ಲ. ಇವತ್ತು ಮನಸ್ಸು ಚೆನ್ನಾಗಿದೆ ಎಂದುಕೊಂಡು ಹೊಟ್ಟೆ ಬಿರಿಯುವಂತೆ ಉಂಡು ಮಲಗಿದೆ. ಈ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಾಗಬೇಕಿತ್ತು. ನಂಬದಿದ್ದರೂ ಬೇರೆ ದಾರಿ ಕಾಣದೆ ಅವರು ಕೇಳಿದಾಗ, ಕೊನೇ ಕೈ ಹೀಗೆ ಮಾಡಬೇಕು ಎಂದು ಜಯಶೀಲ ಹೇಳಿಕೊಟ್ಟಿದ್ದಳಂತೆ.

ನಾನು ಎದ್ದಾಗ ಅವರು ಇರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಹಣೆಗೆ ಕುಂಕುಮ ಇಟ್ಟುಕೊಂಡು ಬಂದರು. ನಾನು ಇಸ್ತ್ರಿ ಪೆಟ್ಟಿಗೆಯನ್ನು ಯಾರದ್ದೋ ಪ್ಯಾಂಟಿನ ಮೇಲೆ ಮರೆತು ಬಿಟ್ಟಿದ್ದೆ, ಹೊಗೆ ಏಳುತ್ತಿತ್ತು. ಬೈಯಲು ಬಾಯಿ ತೆರೆದರು. ಏನೂ ಹೊರಡಲಿಲ್ಲ. ಮುಚ್ಚಿ ಮತ್ತೆ ತೆರೆದರು. ಕೈಯಿಂದ ಗಂಟಲು ಸವರಿಕೊಂಡರು.

"ಗುಡಿಗೆ ಹೋಗಿದ್ರಾ?" ಎಂದೆ.

"ಹೂಂ."

"ಏನಂತ ಕೇಳಿದ್ರಿ?"

ಅವರು ಗೋಡೆಯ ಕಡೆ ತಿರುಗಿದರು. "ಇವ್ರಿಗೆ ಬುದ್ಧಿ ಕೊಡು ಅಂದೆ. ಅಷ್ಟೇಯ."

ನನಗೆ ಸಮಾಧಾನವಾಯಿತು. ಪರವಾಗಿಲ್ಲ, ಅಳತೆ ಚೆನ್ನಾಗಿ ಹಾಕಿದ್ದಾರೆ. ಬುದ್ಧಿ ಎಂದಷ್ಟೇ ಕೇಳಿದ್ದರೆ ಬುದ್ಧಿ ಹೇಳುವುದು ಮಾತ್ರ ನಿಲ್ಲುತ್ತದೆ. ಉಳಿದದ್ದೆಲ್ಲ ಹಾಗೆಯೇ ಇರುತ್ತದೆ. ಆ ಸಂಜೆ ಅವರು ತಲೆನೋವೆಂದು ಬೇಗ ಮಲಗಿದರು. ಬೈಗುಳವಿಲ್ಲದ ಮನೆ ಸ್ವಲ್ಪ ಬಿಕೋ ಎನ್ನಿಸಿತು.

ಮಾರನೇ ದಿನ ಮಧ್ಯಾಹ್ನ ಇಬ್ಬರೂ ತಟ್ಟೆ ಇಟ್ಟುಕೊಂಡೆವು. ಅವರು ಸೌಟಿನಲ್ಲಿ ಅನ್ನ ತೆಗೆದುಕೊಂಡು ನನ್ನ ತಟ್ಟೆಯ ಕಡೆ ಕೈ ಚಾಚಿದರು. ಸೌಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ತೊಳೆದುಕೊಂಡು ಬಂದು ಮತ್ತೆ ಚಾಚಿದರು. ಮತ್ತೆ ಬಿತ್ತು. ಮೂರನೇ ಸಲ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದರು. ಎರಡೂ ಕೈ ಬಿಟ್ಟುಕೊಂಡವು.

ನಾನು ಇಪ್ಪತ್ತು ವರ್ಷ ಊರಿನವರ ಬೇಡಿಕೆ ಅಳೆದವನು. ಬುದ್ಧಿ ಕೇಳಿದವರ ಕೈಯಿಂದ ಸೌಟು ಬೀಳುವುದಿಲ್ಲ. ಇವರು ಅಮ್ಮನ ಮುಂದೆ ನಿಂತು ಏನು ಹೇಳಿರಬೇಕೆಂದು ನನಗೆ ಅಕ್ಷರಕ್ಷರವೂ ತಿಳಿಯಿತು.

ಅವರು ನೆಲದ ಮೇಲೆ ಚೆಲ್ಲಿದ ಅನ್ನವನ್ನು ನೋಡಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ನನ್ನ ಕೈಗಳನ್ನು ಬಹಳ ಹೊತ್ತು ನೋಡಿದರು.

"ನೀವು ನನ್ನ ಎಷ್ಟು ಒಪ್ಸಿದ್ರಿ ಅವತ್ತು?" ಎಂದು ಕೇಳಿದರು.

"ಪೂರ್ತಿ."

"ಹೂಂ" ಎಂದರು. "ನಾನೂ ಹಂಗೇಯ."

ಸೌಟನ್ನು ನಾನು ಎತ್ತಿ ತೊಳೆದು, ನನ್ನ ತಟ್ಟೆಗೆ ನಾನೇ ಬಡಿಸಿಕೊಂಡು, ಪಾತ್ರೆಯಲ್ಲಿ ಇಟ್ಟೆ. ಅವರು ಎತ್ತಿಕೊಂಡು ತಮ್ಮ ತಟ್ಟೆಗೆ ಬಡಿಸಿಕೊಂಡರು. ಸಾರನ್ನೂ ಹಾಗೆಯೇ ಹಾಕಿಕೊಂಡೆವು. ಎದುರುಬದುರು ಕೂತೆವು. ಇಬ್ಬರೂ ಕೈ ಹಾಕದೆ ಸ್ವಲ್ಪ ಹೊತ್ತು ತಟ್ಟೆ ನೋಡುತ್ತಿದ್ದೆವು. ಆಮೇಲೆ, ಆರಿಹೋಗುತ್ತದೆ, ಉಣ್ಣಿ ಎಂದು ಹೇಳಲು ಇಬ್ಬರೂ ಒಟ್ಟಿಗೇ ಬಾಯಿ ತೆರೆದೆವು. ಇಬ್ಬರಿಗೂ ಮಾತು ಹೊರಡಲಿಲ್ಲ.